ಜ್ವರದ ದಿನದ ಪ್ಯಾರಿಸ್

ನಮ್ಮ ಮನೆಯ ಹೆಣ್ಣುಮಗಳು ಡಿಗ್ರಿ ಮಾಡುವುದು ಆಗದ ಹೋಗದ ಮಾತು ಎಂದವರು ನಮ್ಮ ದೊಡ್ಡಪ್ಪ. ಅದಕ್ಕೆ ಸಾಕ್ಷಿಯಾಗಿ ಅವರು ಎತ್ತಿ ತೋರಿಸಿದ್ದು ಫ್ರಾನ್ಸ್ ದೇಶವನ್ನು.

ಯಲ್ದೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಿದ್ದೆವು. ಪೊರೆ ಕಳಚುವ ಮೊದಲು ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನಿರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಹುಳುವಿಗೆ ಜ್ವರ ಬಂದರೆ ಮನೆಮಂದಿಗೆ ಬಿಡುವು. ಜ್ವರ ಬಿಟ್ಟರೆ ಮತ್ತೆ ಸೊಪ್ಪು ಕೊಯ್ಯುವುದು, ಹಾಕುವುದು, ತಟ್ಟೆ ಶುಚಿ ಮಾಡುವುದು. ನಾವು ಸಿನಿಮಾ ನೋಡುತ್ತಿದ್ದದ್ದು ಜ್ವರದ ದಿನ ಮಾತ್ರ.

ನಾನು ಪಿಯುಸಿ ಪಾಸಾದ ವಾರ ಶ್ರೀನಿವಾಸಪುರದ ಟೆಂಟಿನಲ್ಲಿ ಪ್ಯಾರಿಸ್ಸಿನ ಪ್ರೇಮಕಥೆಯೊಂದು ಬಂದಿತ್ತು. ಡಿಗ್ರಿ ಓದಿದ ನಾಯಕಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ್ದಷ್ಟೇ. ಆಮೇಲೆ ನದಿ ದಂಡೆ, ಕಾಫಿ, ಹಾಡು, ಮತ್ತೆ ಕಾಫಿ.

"ನೋಡ್ದೇನಮ್ಮಾ, ಓದಿದೋರ ಕೆಲ್ಸಾನ? ಇದಕ್ಕೆ ನಿನ್ನ ಕೋಲಾರದ ಕಾಲೇಜಿಗೆ ಕಳಿಸ್ಬೇಕಾ?" ಎಂದರು ದೊಡ್ಡಪ್ಪ.

"ಆ ಅಂಗಡಿ ಹುಳಕ್ಕೆ ವರ್ಷವೆಲ್ಲಾ ಜ್ವರಾನೇ ಕಣೇ!" ದೊಡ್ಡಮ್ಮ ನಕ್ಕರು. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಅಪ್ಪ ಹಟ ಹಿಡಿದು, ಒಂದೇ ಒಂದು ವರ್ಷಕ್ಕೆ ದೊಡ್ಡಪ್ಪನನ್ನು ಒಪ್ಪಿಸಿದರು. ಬೆಳಗಿನ ಸೊಪ್ಪು ಹಾಕದೆ ನಾನು ಒಂದು ದಿನವೂ ಕೋಲಾರದ ಬಸ್ಸು ಹತ್ತಿದವಳಲ್ಲ. ಆದರೆ ನಾಲ್ಕನೇ, ಅಂದರೆ ಕೊನೆಯ ಜ್ವರ ಬಿಟ್ಟ ಮೇಲೆ ಹುಳು ಹಗಲೂ ರಾತ್ರಿ ಮೇಯುತ್ತದೆ, ಮನೆಯಲ್ಲಿ ಎಲ್ಲರ ಕೈಯೂ ಬೇಕು. ಆಗ ಕಾಲೇಜಿಗೆ ಬರೆದುಕೊಟ್ಟೆ: 'ಜ್ವರ ಬಿಟ್ಟಿರುವುದರಿಂದ ರಜೆ ಬೇಕು.'

ನಮ್ಮ ಕ್ಲಾಸಿನ ಮೇಡಂ ಕರೆಸಿದರು. "ಅಲ್ಲಮ್ಮಾ, ಜ್ವರ ಬಂದ್ರೆ ರಜೆ ಕೇಳ್ತಾರೆ. ಬಿಟ್ರೆ ಕೇಳ್ತಾರಾ?"

ಹುಳುವಿನ ಕಥೆ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. ಹಿಂದೆ ಅವರೇ ಫ್ರಾನ್ಸಿನ ಲಿಯಾನ್ ಪಟ್ಟಣದ ರೇಷ್ಮೆ ಮಿಲ್ಲೊಂದರಲ್ಲಿ ಕೆಲಸ ಮಾಡಿದ್ದರಂತೆ. ನಾನು ಬಿಡುತ್ತೇನೆಯೇ? ಆ ಸಿನಿಮಾದ ಹಾಗೇನಾ ಅಲ್ಲಿ ಕೆಲಸ ಎಂದು ಕೇಳಿಯೇ ಬಿಟ್ಟೆ.

"ಎಲ್ಲಿಯ ಸಿನಿಮಾ! ಚಳಿಗಾಲದಲ್ಲಿ ಕತ್ತಲಲ್ಲೇ ಬಸ್ ಹಿಡೀಬೇಕು. ತಡವಾದ್ರೆ ಮೇಸ್ತ್ರಿ ಮಾತಾಡಲ್ಲ, ಗಡಿಯಾರ ತೋರಿಸ್ತಾನೆ. ಸಂಜೆವರೆಗೂ ನಿಂತೇ ಕೆಲಸ. ಮಧ್ಯಾಹ್ನ ಊಟಕ್ಕೆ ನಿಧಾನವಾಗಿ ಕೂರ್ತಾರೆ, ಅದೊಂದು ನಿಜ. ಆಗಸ್ಟ್ ಬಂದ್ರೆ ಊರಿಗೂರೇ ರಜೆ."

ವರ್ಷ ಮುಗಿಯಿತು. "ಸಾಕು, ಮನೇಲಿರು" ಎಂದರು ದೊಡ್ಡಪ್ಪ. ನನ್ನ ಉತ್ತರ ಸಿದ್ಧವಾಗಿತ್ತು.

"ದೊಡ್ಡಪ್ಪ, ಅವ್ರು ಸಿನಿಮಾ ತೆಗ್ದಿರೋದು ಜ್ವರದ ದಿನ. ಮೇವಿನ ದಿನ ತೋರಿಸಿದ್ರೆ ಟಿಕೆಟ್ ಯಾರು ತಗೋತಾರೆ?"

ಅವರು ಸೊಪ್ಪು ಹೆಚ್ಚುತ್ತಿದ್ದರು. ಕುಡುಗೋಲು ನಿಂತಿತು. "ಅದೂ ಸರೀನೇ. ಜ್ವರದ ದಿನ ಬಂದು ನೋಡಿದ್ರೆ ನಮ್ಮನ್ನೂ ಸೋಮಾರಿಗಳು ಅಂತಾರೆ," ಎಂದರು. ಆಮೇಲೆ, "ಹೋಗು, ಮುಗಿಸ್ಕೊಂಡು ಬಾ."

ಮುಗಿಸಿದೆ. ನಮ್ಮ ವಂಶದಲ್ಲೇ ಮೊದಲ ಡಿಗ್ರಿ. ಸರ್ಟಿಫಿಕೇಟನ್ನು ನೇರವಾಗಿ ಹುಳುವಿನ ಮನೆಗೇ ಒಯ್ದು ದೊಡ್ಡಪ್ಪನ ಕೈಗಿಟ್ಟೆ. ಅವರು ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದರು. ನನ್ನ ಹೆಸರು ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಬೆರಳಿಟ್ಟರು.

"ಜ್ವರ ಬಿಡ್ತು ಕಣಮ್ಮಾ. ಇನ್ನು ಕೆಲಸಕ್ಕೆ ಹೊರಡು."