ಕೊಟ್ಟಿಗೆ ಜಾಗದ ಮೂರು ಪಟ್ಟೆ ಕಲ್ಲು

“ಯಾರೂ ಮುಟ್ಟಬೇಡಿ!” ಅಂತ ನಮ್ಮತ್ತೆ ಕೂಗಿದ ರಭಸಕ್ಕೆ, ಕೊಟ್ಟಿಗೆಗೆ ಪಾಯ ಅಗೆಯುತ್ತಿದ್ದ ನನ್ನ ಗಂಡನ ಗುದ್ದಲಿ ಗಾಳಿಯಲ್ಲೇ ನಿಂತಿತು. ಮಣ್ಣಿನಿಂದ ಉದ್ದನೆಯ ಕರಿಕಲ್ಲೊಂದು ತಲೆ ಎತ್ತಿತ್ತು. ಅದರ ಮೇಲೆ ವಿಭೂತಿ ಬಳಿದ ಹಾಗೆ ಮೂರು ಬಿಳಿ ಪಟ್ಟೆ.

ಅತ್ತೆಗೆ ಅದು ಹಳೇ ಕಾಲದ ಲಿಂಗ. ಗಂಡನಿಗೆ ನಿಧಿಯ ಗುರುತು. ಮೂರು ಪಟ್ಟೆ ಅಂದರೆ ಮೂರಾಳು ಆಳದಲ್ಲಿ ಚಿನ್ನದ ಕೊಪ್ಪರಿಗೆ ಇರುತ್ತದಂತೆ! ನನಗೋ ಮಳೆಗೆ ಮುಂಚೆ ಕೊಟ್ಟಿಗೆ ಎದ್ದರೆ ಸಾಕಿತ್ತು. ಕೋಲಾರದ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುವ ನಮ್ಮಣ್ಣನನ್ನು ನಮ್ಮೂರು ವಕ್ಕಲೇರಿಗೆ ಕರೆಸಿದೆ.

ಅಣ್ಣ ನೀರು ಹಾಕಿ ಉಜ್ಜಿ ನೋಡಿದ. “ಇದನ್ನ ಯಾರೂ ಕೆತ್ತಿಲ್ಲ, ಯಾರೂ ಇಟ್ಟಿಲ್ಲಮ್ಮ. ಪಟ್ಟೆ ಸಮೇತ ಭೂಮಿಯೊಳಗೆ ತಾನಾಗೇ ಆಗಿರೋದು,” ಅಂದ.

ಗಂಡನ ಮುಖ ಬಾಡಿತು. ಅತ್ತೆ ಮಾತ್ರ ಕೈ ಮುಗಿದು, “ಕೇಳಿದ್ಯೇನೋ? ಓದಿದೋರೇ ಹೇಳ್ಬಿಟ್ರು. ತಾನಾಗೇ ಹುಟ್ಟಿರೋ ಸ್ವಾಮಿ ಕಣೋ, ಉದ್ಭವಮೂರ್ತಿ!” ಅಂದವರೇ ಹೂವು ತರಲು ಒಳಗೆ ಓಡಿದರು.

ಕೊಟ್ಟಿಗೆ ಈಗ ಪಕ್ಕಕ್ಕೆ ಸರಿದಿದೆ. ನಮ್ಮ ಹಸು ದಿನಾ ಆ ಕಲ್ಲಿಗೇ ಕುತ್ತಿಗೆ ಉಜ್ಜಿ ತುರಿಕೆ ತೀರಿಸಿಕೊಳ್ಳುತ್ತದೆ. ಅತ್ತೆ ಅದನ್ನು ಓಡಿಸುವುದಿಲ್ಲ. “ಹಸುಗಿರೋ ಭಕ್ತಿ ನಿಮ್ಮಿಬ್ಬರಿಗೂ ಇಲ್ಲ,” ಅಂತ ನಮ್ಮನ್ನೇ ಬೈತಾರೆ.