ಕಸ್ತೂರಿಗೆ ಹಾಕಿದ ಕತ್ತರಿ

ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಮಾಯಪ್ಪನನ್ನು ಮೀರಿಸುವವರು ಖಾನಾಪುರದ ಸುತ್ತ ಇರಲಿಲ್ಲ. ಕುರಿಗಳೆಲ್ಲ ಕೈಬಿಟ್ಟು ಹೋದ ಮೇಲೆ ಅವನು ಬೆಳಗಾವಿಯ ರಾಮತೀರ್ಥ ನಗರದಲ್ಲಿ ಸುಮಿತನೆಂಬ ಸಿರಿವಂತನ ನಾಯಿಗಳನ್ನು ನೋಡಿಕೊಳ್ಳುವ ಕೆಲಸ ಹಿಡಿದ. ಅವುಗಳಲ್ಲಿ ಕಸ್ತೂರಿ ಎಂಬ ಕರಿ ಹೆಣ್ಣು ಲ್ಯಾಬ್ರಡಾರ್ ಮಾಯಪ್ಪನ ಜೀವವೇ ಆಗಿಬಿಟ್ಟಿತು. ಮಕ್ಕಳಿಲ್ಲದ ಮನುಷ್ಯ, ಹಚ್ಚಿಕೊಂಡರೆ ತಪ್ಪೇನು?

ಬೇಟೆ ಬಂದ್ ಆಗಿ ಎಷ್ಟೋ ಕಾಲವಾಯಿತು, ಉಳ್ಳವರ ಶೋಕಿ ಬಂದ್ ಆಗಬೇಕಲ್ಲ! ಬಟ್ಟೆಯ ಬಾತುಕೋಳಿಯನ್ನು ನೀರಿಗೆ ಎಸೆದು ನಾಯಿಯಿಂದ ತರಿಸುವುದು ಈಗಿನ ಸ್ಪರ್ಧೆ. ಮಾಯಪ್ಪ ಜಾಂಬೋಟಿಯ ಹತ್ತಿರದ ಕೆರೆಯೊಂದರಲ್ಲಿ ಕಸ್ತೂರಿಯನ್ನು ಅದಕ್ಕೆ ತಯಾರು ಮಾಡುತ್ತಿದ್ದ.

ಡಿಸೆಂಬರಿನ ಒಂದು ಬೆಳಿಗ್ಗೆ ನೀರಿನಿಂದ ಎದ್ದುಬಂದ ಕಸ್ತೂರಿ ಸಣ್ಣಗೆ ನಡುಗಿದಳು. ಮಾಯಪ್ಪನಿಗೆ ತನ್ನ ಕುರಿಗಳು ನೆನಪಾದವು. ಒದ್ದೆ ಉಣ್ಣೆ ಮೈಮೇಲೆ ಉಳಿದರೆ ಕುರಿಗೆ ರೋಗ ಬರುತ್ತದೆ, ಹೊಳೆಯಲ್ಲಿ ಮೈತೊಳೆಸಿ ಕತ್ತರಿಸಿಬಿಟ್ಟರೆ ಬೇಗ ಆರುತ್ತದೆ. ಅವನ ಹಟ್ಟಿಯಲ್ಲಿ ಎಲ್ಲರೂ ನಂಬಿದ್ದ ಮಾತು ಇದು. ಮನೆಗೆ ಬಂದವನೇ ಕಸ್ತೂರಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಒಂದು ಗೀರೂ ಬೀಳದ ಹಾಗೆ, ಚರ್ಮ ಕಾಣುವಷ್ಟು ಕತ್ತರಿಸಿದ.

"ಇನ್ನ ಥಂಡಿ ಹತ್ತಂಗಿಲ್ಲ ನೋಡ, ನಮ್ಮವ್ವ," ಎಂದ.

ಮರುದಿನ ಅವಳು ಎಂದಿನ ಹಾಗೆಯೇ ನೀರಿಗೆ ಹಾರಿದಳು. ಅವನು ಎಸೆದಷ್ಟು ಸಲವೂ ತಂದಳು, ಒಲ್ಲೆ ಎನ್ನುವುದು ಆ ಜೀವಕ್ಕೆ ಗೊತ್ತೇ ಇರಲಿಲ್ಲ. ಕೊನೆಗೆ ದಂಡೆಯಲ್ಲಿ ಕಾಲು ಮಡಿಚಿ ಕುಸಿದಳು. ತೆರೆದ ಜೀಪಿನಲ್ಲಿ ಗಾಳಿ ಹೊಡೆಯುತ್ತಿರುವಂತೆಯೇ ಅವಳನ್ನು ಊರಿಗೆ ತಂದ. ಸಂಜೆಗೆ ಜ್ವರ, ಆಮೇಲೆ ಎದೆಯಲ್ಲಿ ಗೊರಗೊರ.

ಬೆಳಗಾದ ಮೇಲೆ ಡಾಕ್ಟರು ಮನೆಗೆ ಬಂದು ಪರೀಕ್ಷೆ ಮಾಡಿ ತಲೆಯಾಡಿಸಿದರು. "ಈ ಜಾತಿ ನಾಯಿಗೆ ಒಳಗಿನ ಕೂದ್ಲಾನ ಕಂಬಳಿ ಇದ್ದಂಗ ರೀ. ನೀರ ಒಳಗ ಇಳಿಯಗೊಡಂಗಿಲ್ಲ. ಅದನ್ನ ಯಾರ ತಗದ್ರಿ?"

"ಕಾಕಾ, ಯಾಕ ಬೋಳಿಸಿದ್ರಿ ಇಕಿನ್ನ?" ಸುಮಿತ ಅವಳ ಬೋಳು ಬೆನ್ನು ಸವರುತ್ತ ಕೇಳಿದ.

"ಥಂಡಿ ಆಗಬಾರದಂತ ರೀ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮಾಯಪ್ಪನಿಗೆ ಅನ್ನಿಸಿತು. ಉಳಿಯುವ ಲಕ್ಷಣವಿಲ್ಲ ಎಂದು ಡಾಕ್ಟರು ಹೇಳಿ ಹೋದ ಮೇಲೆ, ಅವನು ಕತ್ತರಿ ಹಿಡಿದಿದ್ದ ಬಲಗೈಯನ್ನು ಕಸ್ತೂರಿಯ ಬಾಯೊಳಗೆ ಇಟ್ಟ.

"ಕಡಿ, ನಮ್ಮವ್ವ. ಒಮ್ಮೆರ ಕಡಿ."

ಅವಳು ಕಡಿಯಲಿಲ್ಲ. ಮಧ್ಯಾಹ್ನವೆಲ್ಲ ಆ ಕೈಯನ್ನೇ ನೆಕ್ಕುತ್ತಿದ್ದಳು. ನಾಲಗೆ ನಿಂತು ತಣ್ಣಗಾದ ಮೇಲೂ ಮಾಯಪ್ಪ ಕೈ ತೆಗೆಯಲಿಲ್ಲ.