ಸುತ್ತಿಗೆ ಚಪ್ಪಾಳೆ

ಮಿಸ್ ಕುತ್ತಿಗೆಯಲ್ಲಿ ಕರಿಮಣಿ ಸರದ ಜೊತೆಗೇ ಒಂದು ಸ್ಟೀಲಿನ ವಿಸಿಲ್ ತೂಗುತ್ತಿತ್ತು. ಅದಕ್ಕೆ ಬೇರೆ ದಾರ ಇರಲಿಲ್ಲ. ತಾಳಿಯ ಪಕ್ಕದಲ್ಲೇ ಒಂದು ಪುಟ್ಟ ಕೊಂಡಿ ಹಾಕಿ ಸಿಕ್ಕಿಸಿಕೊಂಡಿದ್ದರು. ಅವರು ಓಡಿದಾಗ ಎರಡೂ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಹತ್ತಿಯ ಸೀರೆ, ನೆರಿಗೆ ಎತ್ತಿ ಸೊಂಟಕ್ಕೆ ಹಾಕಿದ ಪಿನ್ನು, ಕಾಲಲ್ಲಿ ಬಿಳಿ ಸ್ಪೋರ್ಟ್ಸ್ ಶೂ. ಮಸ್ಕತ್ತಿನ ಬಿಸಿಲಿಗೆ ಕಾದ ವಿಸಿಲನ್ನು ಸೆರಗಿನ ತುದಿಯಲ್ಲಿ ಹಿಡಿದು, ಗಾಳಿ ಊದಿ ಆರಿಸಿಕೊಂಡೇ ತುಟಿಗಿಡುತ್ತಿದ್ದರು.

ಅವರು ನಮ್ಮ ಶಾಲೆಯ ಡಾನ್ಸ್ ಟೀಚರು. ಪುತ್ತೂರು ಕಡೆಯವರು. ಮನೆಯಲ್ಲಿ ತುಳು, ಕನ್ನಡದ ಮಕ್ಕಳೊಂದಿಗೆ ಮಂಗಳೂರಿನ ಕನ್ನಡ, ಉಳಿದವರೊಂದಿಗೆ ಹಿಂದಿ ಬೆರೆಸಿದ ಇಂಗ್ಲಿಷ್. ಹುಡುಗರ ಫುಟ್‌ಬಾಲ್ ಪಂದ್ಯಗಳಿಗೆಂದು ಹುಡುಗಿಯರ ಚಿಯರ್‌ಲೀಡಿಂಗ್ ತಂಡ ಕಟ್ಟಿದ್ದು ಅವರೇ. ಆಡಳಿತ ಮಂಡಳಿಯವರು ಆ ಹೆಸರಿಗೆ ಹೆದರಿ ಸುತ್ತೋಲೆಯಲ್ಲಿ ‘ಚಿಯರ್ ಡ್ರಿಲ್’ ಎಂದು ಬರೆಸಿದರು. ಪೂರ್ತಿ ತೋಳಿನ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್, ಹೊಳೆಯುವ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಿ ನಾವೇ ಕಟ್ಟಿದ ಪಾಮ್‌ಪಾಮ್. ಒಂಬತ್ತನೇ ತರಗತಿಯಲ್ಲಿದ್ದ ನಾನು ಮೊದಲ ದಿನವೇ ಹೆಸರು ಕೊಟ್ಟೆ. ಅಲ್ಲಿಂದ ಮುಂದೆ ಪಾಠದ ನಡುವೆಯೂ ನನ್ನ ಕಾಲು ಮೇಜಿನ ಕೆಳಗೆ ಲೆಕ್ಕ ಹಾಕುತ್ತಿತ್ತು. ವಾದಿ ಕಬೀರ್‌ನ ನಮ್ಮ ಫ್ಲ್ಯಾಟಿನಲ್ಲಿ ದೊಡ್ಡ ಕನ್ನಡಿ ಇರಲಿಲ್ಲವಾದ್ದರಿಂದ, ಕತ್ತಲಾದ ಮೇಲೆ ಬಾಲ್ಕನಿಯ ಗಾಜಿನ ಬಾಗಿಲ ಮುಂದೆ ಅಭ್ಯಾಸ ಮಾಡುತ್ತಿದ್ದೆ.

ನಾವು ಬಾಗಲಕೋಟೆ ಕಡೆಯವರು. ಅಪ್ಪ ಒಂದು ಎಸಿ ಕಂಪನಿಯಲ್ಲಿ ಎಂಜಿನಿಯರು. ಅವ್ವನಿಗೆ ಇದು ಹಿಡಿಸಲಿಲ್ಲ. “ಟೀವ್ಯಾಗ ಕ್ರಿಕೆಟ್ ನಡುವ ಕುಣೀತಾರಲ್ಲ, ಅದನ್ನ ಕಲೀಲಿಕ್ಕೆ ಫೀ ಕಟ್ಟೇವೇನು ನಾವು?” ಎಂದಳು. ಆ ಮಾತನ್ನು ನಾನು ಮಿಸ್‌ಗೆ ಹೇಳಿದೆ. ಮುಂದಿನ ಶುಕ್ರವಾರ ಅವರು ನಮ್ಮ ಮನೆಯ ಬಾಗಿಲಲ್ಲಿದ್ದರು, ಕೈಯಲ್ಲಿ ಒಂದು ಚೀಲ ಎಳೆಯ ಬದನೆಕಾಯಿ. ಮಸ್ಕತ್ತಿನಾಚೆಯ ಬರ್ಕಾ ಊರಿನ ತೋಟದ್ದು, ಅಲ್ಲಿ ನಮ್ಮ ಸಂಬಂಧಿಕರಿದ್ದಾರೆ, ಶನಿವಾರ ಶನಿವಾರ ಹೋಗುತ್ತೇನೆ ಎಂದರು. ಅವ್ವ ಅದರಲ್ಲೇ ಎಣ್ಣೆಗಾಯಿ ಮಾಡಿ ರೊಟ್ಟಿ ಬಡಿದು ಬಡಿಸಿದಳು. ಮಿಸ್ ಅಡುಗೆಮನೆಯ ಬಾಗಿಲಿಗೆ ಒರಗಿ ಅವ್ವನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನನ್ನತ್ತ ತಿರುಗಿ, ನಿನ್ನ ಚಪ್ಪಾಳೆ ಯಾಕೆ ಮೆತ್ತಗೆ ಅಂತ ಈಗ ಗೊತ್ತಾಯಿತು, ನೀನು ಗಾಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಿ ಎಂದು ನಕ್ಕರು. ಅವ್ವನೂ ನಕ್ಕಳು. ಹೊರಡುವಾಗ ಮಿಸ್ ಅವ್ವನ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟು: “ಅಕ್ಕಾ, ಒಂದಿಂಚು ಬಟ್ಟೆ ಕಡಿಮೆಯಾದ್ರೆ ನನ್ನ ಹತ್ರ ಕೇಳಿ. ನಿಮ್ಮ ಮಗಳ ಜವಾಬ್ದಾರಿ ನಂದು.”

ಒಂದು ವರ್ಷ ಕುಣಿಸಿದ ಮೇಲೆ, ಒಂದು ದಿನ ಅವರು ನನ್ನನ್ನು ಸಾಲಿನಿಂದ ಹೊರಗೆ ಕರೆದು ಗ್ಯಾಲರಿಯ ಕೊನೆಯ ಮೆಟ್ಟಿಲ ಮೇಲೆ ಕೂರಿಸಿದರು. ಮರುದಿನವೂ ಅಲ್ಲೇ. ಮೂರನೆಯ ದಿನ ನಾನು ಅತ್ತುಬಿಟ್ಟೆ. ತಂಡದಿಂದ ತೆಗೆದಿದ್ದಾರೆಂದೇ ತಿಳಿದಿದ್ದೆ. ಮಿಸ್ ಮೇಲೆ ಹತ್ತಿ ಬಂದು ಪಕ್ಕದಲ್ಲಿ ಕೂತರು.

“ಕುಣೀಲಿಕ್ಕೆ ಎಲ್ಲರಿಗೂ ಬರ್ತದೆ ಮಾರಾಯ್ತಿ. ಕೂತು ನೋಡ್ಲಿಕ್ಕೆ ಯಾರಿಗೂ ಬರುವುದಿಲ್ಲ. ನೀನು ಅಲ್ಲಿ ಕೆಳಗೆ ಇದ್ರೆ ನಿನ್ನ ಎದುರಿನವಳ ಜಡೆ ಮಾತ್ರ ಕಾಣ್ತದೆ. ಇಲ್ಲಿಂದ ನೋಡು. ಏನು ತಪ್ಪಿದೆ ಅಂತ ನನಗೆ ಹೇಳು.”

ಸಂಯೋಜನೆ ಎಂಬುದನ್ನು ನಾನು ಕಲಿತದ್ದು ಹಾಗೆ. ಮಿಸ್ ಕೋಣೆಯಲ್ಲಿ ಯಾವಾಗಲೂ ಖರ್ಜೂರದ ಡಬ್ಬಿ ಇರುತ್ತಿತ್ತು. ತಿಂದು ಬೀಜ ತೊಳೆದು ಇಟ್ಟುಕೊಳ್ಳುತ್ತಿದ್ದರು. ಒಂದೊಂದು ಬೀಜ ಒಬ್ಬೊಬ್ಬ ಹುಡುಗಿ. ಅವನ್ನು ಮೇಜಿನ ಮೇಲೆ ಸಾಲಾಗಿ, ವೃತ್ತವಾಗಿ, ಬಾಣದ ಮೊನೆಯ ಹಾಗೆ ಜರುಗಿಸಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಯಾವ ಬೀಜವೂ ಇನ್ನೊಂದಕ್ಕೆ ತಾಗಬಾರದು. ತಾಗಿದರೆ ಅವರು ಮಾತಾಡದೆ ಎಲ್ಲವನ್ನೂ ಕೈಯಲ್ಲಿ ಬಳಿದು ಮೊದಲಿನಿಂದ ಇಡಿಸುತ್ತಿದ್ದರು. ತಂಡದಲ್ಲಿ ಹೆಜ್ಜೆ ಸರಿಯಾಗಿ ಬಾರದ ಒಬ್ಬಳಿದ್ದಳು. ನಾನು ಅವಳ ಬೀಜವನ್ನು ಕೊನೆಯ ಸಾಲಿನ ಮೂಲೆಯಲ್ಲಿಟ್ಟಿದ್ದೆ. ಮಿಸ್ ಅದನ್ನೆತ್ತಿ ಎರಡನೆಯ ಸಾಲಿನ ನಡುವೆ ಇಟ್ಟರು. ಅಲ್ಲಿ ಸುತ್ತ ನೋಡಿಕೊಳ್ಳಲು ಜನ ಇರುತ್ತಾರೆ, ಮೂಲೆಯಲ್ಲಿ ಅಡಗಿಸಿದರೆ ಜನ್ಮಪೂರ್ತಿ ಅಡಗಿಯೇ ಇರುತ್ತಾಳೆ ಎಂದರು. ಆ ಹುಡುಗಿ ಮೂರು ತಿಂಗಳಲ್ಲಿ ಸುಧಾರಿಸಿದಳು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹನ್ನೊಂದನೇ ತರಗತಿಗೆ ಬರುವಾಗ ತಂಡದ ನಾಯಕಿ ನಾನು. ಆ ವರ್ಷ ಅಂತರಶಾಲಾ ಕ್ರೀಡಾಕೂಟದಲ್ಲಿ ಮೊದಲ ಬಾರಿಗೆ ಚಿಯರ್ ಡ್ರಿಲ್ ಸ್ಪರ್ಧೆ ಇಟ್ಟಿದ್ದರು. ರಚನೆ ನೀನೇ ಮಾಡು, ನಾನು ಕೈ ಹಾಕುವುದಿಲ್ಲ ಎಂದರು ಮಿಸ್.

ನಮ್ಮ ಫ್ಲ್ಯಾಟಿನ ಎದುರಿಗೆ ಕಾರಿನ ಡೆಂಟ್ ತೆಗೆಯುವ ಗ್ಯಾರೇಜುಗಳ ಸಾಲು. ಸಂಜೆ ಬಿಸಿಲು ಇಳಿದ ಮೇಲೆ ಒಂದು ಗ್ಯಾರೇಜಿನಲ್ಲಿ ಯಾರೋ ಬಾನೆಟ್ಟಿನ ಮೇಲೆ ಸುತ್ತಿಗೆ ಹೊಡೆಯುತ್ತಾನೆ. ಸ್ವಲ್ಪ ದೂರದಲ್ಲಿ ಇನ್ನೊಬ್ಬ ಬಾಗಿಲಿನ ಮೇಲೆ ಹೊಡೆಯುತ್ತಾನೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಆದರೂ ಕೇಳಿಸಿಕೊಂಡು ಉತ್ತರ ಕೊಟ್ಟಂತೆ ಇರುತ್ತದೆ. ನಾನು ಅದನ್ನೇ ತೆಗೆದುಕೊಂಡೆ. ನಮ್ಮ ಹುಡುಗಿಯರು ಮೈದಾನದಲ್ಲಿ ಇರುವುದಿಲ್ಲ. ಪ್ರೇಕ್ಷಕರ ನಡುವೆ ಅಲ್ಲಲ್ಲಿ ಕೂತಿರುತ್ತಾರೆ. ಒಂದು ಮೂಲೆಯಿಂದ ಒಬ್ಬಳು ಎದ್ದು ಚಪ್ಪಾಳೆ ಹೊಡೆಯುತ್ತಾಳೆ, ಇನ್ನೊಂದು ಮೂಲೆಯಿಂದ ಉತ್ತರ ಬರುತ್ತದೆ. ಹೀಗೆ ಒಬ್ಬೊಬ್ಬರಾಗಿ ಎದ್ದು ಇಳಿದು ಮೈದಾನದ ನಡುವೆ ಸೇರುವ ಹೊತ್ತಿಗೆ ಚಪ್ಪಾಳೆಯೆಲ್ಲ ಒಂದೇ ಏಟಾಗಬೇಕು.

ಮೊದಲ ಬಾರಿ ಮಾಡಿ ತೋರಿಸಿದಾಗ ಮಿಸ್, ಎಲ್ಲಿಂದ ಬಂತು ಇದು ಎಂದಷ್ಟೇ ಕೇಳಿದರು. ಆ ಸಂಜೆ ನಮ್ಮ ಮನೆಗೇ ಬಂದು ಬಾಲ್ಕನಿಯಲ್ಲಿ ನಿಂತು, ಅವ್ವ ಕೊಟ್ಟ ಚಹಾ ಆರಿಹೋಗುವವರೆಗೆ ಗ್ಯಾರೇಜಿನ ಸದ್ದು ಕೇಳಿದರು. ‘ಸುತ್ತಿಗೆ ಚಪ್ಪಾಳೆ’ ಎಂದು ಹೆಸರಿಟ್ಟದ್ದು ಅವರೇ.

ಕ್ರೀಡಾಕೂಟ ಅಲ್ ಅಮೇರಾತ್‌ನ ಮೈದಾನದಲ್ಲಿ. ನಮಗಿಂತ ಮೊದಲು ಬರ್ಕಾ ಕಡೆಯ ಒಂದು ಖಾಸಗಿ ಶಾಲೆಯ ಸರದಿ. ಹೆಸರು ಕರೆದಾಗ ಮೈದಾನಕ್ಕೆ ಯಾರೂ ಬರಲಿಲ್ಲ. ಜನ ಗುಸುಗುಸು ಆರಂಭಿಸಿದರು. ಆಗ ಗ್ಯಾಲರಿಯ ಒಂದು ಮೂಲೆಯಲ್ಲಿ ಹಸಿರು ಟೀ ಶರ್ಟಿನ ಒಬ್ಬ ಹುಡುಗಿ ಎದ್ದು ಚಪ್ಪಾಳೆ ಹೊಡೆದಳು. ಎದುರು ಮೂಲೆಯಿಂದ ಉತ್ತರ ಬಂತು. ನಮ್ಮ ತಂಡದವರೆಲ್ಲ ನನ್ನ ಮುಖ ನೋಡಿದರು. ಕೊನೆಯ ಏಟಿನವರೆಗೂ ಅದು ನಮ್ಮದೇ ರಚನೆ. ಹತ್ತು ನಿಮಿಷದ ನಂತರ ನಾವು ಅದನ್ನೇ ಮಾಡಬೇಕಾಯಿತು, ಬೇರೆ ಏನೂ ನಮ್ಮ ಬಳಿ ಇರಲಿಲ್ಲ. ಹುಡುಗರು ಗ್ಯಾಲರಿಯಿಂದ ‘ರಿಪೀಟ್, ರಿಪೀಟ್’ ಎಂದು ಕೂಗಿದರು. ಎರಡನೆಯದು ನಕಲು ಎಂದು ತೀರ್ಪುಗಾರರು ನಮ್ಮ ಪ್ರಿನ್ಸಿಪಾಲ್ ಮೇಡಂಗೆ ಎಲ್ಲರೆದುರಿಗೇ ಹೇಳಿದರು.

ನೀರಿನ ಕ್ಯಾನಿನ ಬಳಿ ಹಸಿರು ಟೀ ಶರ್ಟಿನ ಹುಡುಗಿಯೊಬ್ಬಳು ನನ್ನನ್ನು ಮಾತಾಡಿಸಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು, ಕುಹಕ ಇರಲಿಲ್ಲ. ತಮ್ಮ ಡಾನ್ಸ್ ಮೇಡಂ ಪ್ರತಿ ಶನಿವಾರ ಮಸ್ಕತ್ತಿನಿಂದ ಬರುತ್ತಾರೆ, ಅವರ ತಾಳಿಯಲ್ಲಿ ಒಂದು ವಿಸಿಲ್ ಇದೆ, ಇವತ್ತು ಯಾಕೋ ಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮಿಸ್ ಆಗ ಮೈದಾನದ ಇನ್ನೊಂದು ತುದಿಯಲ್ಲಿ, ನಮ್ಮ ಬಸ್ಸಿನ ಹಿಂದೆ ನಿಂತು ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಬಸ್ಸಿನಲ್ಲಿ ಅವರು ನನ್ನ ಪಕ್ಕದಲ್ಲೇ ಬಂದು ಕೂತರು. ಬಸ್ಸು ಗುಡ್ಡದ ರಸ್ತೆ ಇಳಿಯಿತು. ಆಮೇಲೆ ಅವರು ಸಣ್ಣ ದನಿಯಲ್ಲಿ ಕೇಳಿದರು:

“ಬರ್ಕಾದ ವಿಷಯ ಯಾರ ಹತ್ರ ಹೇಳಿದ್ದಿ?”

“ಯಾರ ಮುಂದೂ ಹೇಳಿಲ್ಲ ಮಿಸ್.”

“ಹೇಳ್ಬೇಡ. ಭಾನುವಾರ ಪ್ರಿನ್ಸಿಪಾಲರ ಹತ್ರ ನಾನು ಮಾತಾಡ್ತೇನೆ. ಅದು ನಿನ್ನದು ಅಂತ ನಾನೇ ಹೇಳ್ತೇನೆ. ನೀನು ಮಧ್ಯ ಬಾಯಿ ಹಾಕಿದ್ರೆ ನನ್ನ ವೀಸಾ ಹೋಗ್ತದೆ. ಗೊತ್ತುಂಟಲ್ಲ?”

ಗೊತ್ತಿತ್ತು. ಇಲ್ಲಿ ಬೆಳೆದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಕಫೀಲನ, ಎಂದರೆ ಕೆಲಸ ಕೊಟ್ಟ ಧಣಿಯ, ವೀಸಾದಲ್ಲಿದ್ದು ಇನ್ನೊಂದು ಕಡೆ ದುಡಿಯುವಂತಿಲ್ಲ. ಸಿಕ್ಕಿಬಿದ್ದರೆ ಖಲಾಸ್, ಊರಿಗೆ ಟಿಕೆಟ್. ಅವರ ಗಂಡನ ಕಂಪನಿ ಮುಚ್ಚಿ ಆತ ಮನೆಯಲ್ಲಿದ್ದರು, ಮಗ ಊರಿನಲ್ಲಿ ಕಾಲೇಜು ಓದುತ್ತಿದ್ದ. ಇವೆಲ್ಲ ನಿಜ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಭಾನುವಾರ ಶಾಲೆ ತೆರೆದ ಕೂಡಲೇ ಪ್ರಿನ್ಸಿಪಾಲ್ ಕೋಣೆಯಲ್ಲಿ ನಾನು ಮತ್ತು ಮಿಸ್ ನಿಂತಿದ್ದೆವು. ಈ ರಚನೆ ಯಾರದು ಎಂದು ಮೇಡಂ ಕೇಳಿದರು. ಮಿಸ್ ಕೊಟ್ಟ ಮಾತಿನಂತೆ ನಡೆದುಕೊಂಡರು. ಪೂರ್ತಿ ಈ ಹುಡುಗಿಯದೇ, ನಾನು ಕೈ ಹಾಕಿಲ್ಲ ಎಂದರು. ನಂತರ, ಈಗಿನ ಮಕ್ಕಳು ಎಲ್ಲೆಲ್ಲಿಯದೋ ವಿಡಿಯೊ ನೋಡುತ್ತಾರೆ, ಇವಳೂ ಎಲ್ಲೋ ನೋಡಿರಬೇಕು, ನಂಬಿದ್ದು ನನ್ನ ತಪ್ಪು ಎಂದರು. ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದರು. ಅದು ನನ್ನದೆಂದು ಅವರು ಬೇರೆಯವರ ಮುಂದೆ ಹೇಳಿದ್ದು ಅದೊಂದೇ ಸಲ, ಅದು ಅಪರಾಧವಾದ ಮೇಲೆ. ನಾನು ಅವರ ಮುಖ ನೋಡುತ್ತಲೇ ಇದ್ದೆ. ಅವರು ಮೇಜಿನ ಮೇಲಿದ್ದ ಪುಟ್ಟ ಧ್ವಜವನ್ನು ನೋಡುತ್ತಿದ್ದರು.

ನಾಯಕತ್ವ ಹೋಯಿತು. ಅದು ಮಂಗಳೂರು ಕಡೆಯ ಇನ್ನೊಬ್ಬ ಹುಡುಗಿಗೆ ಸಿಕ್ಕಿತು. ಆ ವಾರವೇ ನನ್ನ ಬೆಂಚಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕಾಪಿ ಕ್ಯಾಟ್’ ಎಂದು ಬರೆದವಳು ಅವಳೇ.

ಆ ಭಾನುವಾರ ಸಂಜೆಯೇ ನಾನು ಮನೆಯಲ್ಲಿ ಎಲ್ಲವನ್ನೂ ಹೇಳಿದೆ. ಅವ್ವ ಎದ್ದವಳೇ ಮಿಸ್ ಕೊಟ್ಟು ಫ್ರಿಜ್ಜಿನಲ್ಲಿದ್ದ ಬದನೆಕಾಯಿಗಳನ್ನು ಕಸದ ಚೀಲಕ್ಕೆ ಸುರಿದಳು. ನಾಳೆ ಬೆಳಿಗ್ಗೆ ಶಾಲೆಗೆ ಹೋಗಿ ಆಕೆಯ ಬರ್ಕಾದ ಸಂಬಂಧಿಕರು ಯಾರೆಂದು ಎಲ್ಲರ ಮುಂದೆ ಕೇಳುತ್ತೇನೆ ಎಂದಳು. ಅಪ್ಪ ತಡೆದರು.

“ಮಗಳ ಹೆಸರು ಹೋಗೇದ, ಖರೇ. ಅವರ ಅನ್ನ ಹೋಗೂದು ಬ್ಯಾಡ. ಇಲ್ಲಿ ನಾವೂ ಇನ್ನೊಬ್ಬರ ವೀಸಾದ ಮ್ಯಾಲನ ಅದೇವಿ.”

ಅವ್ವ ಆಮೇಲೆ ಅಪ್ಪನೊಂದಿಗೆ ಎರಡು ದಿನ ಮಾತಾಡಲಿಲ್ಲ. ಆದರೆ ಶಾಲೆಗೂ ಹೋಗಲಿಲ್ಲ. ಆ ವಿಷಯ ನಮ್ಮ ಮನೆಯಿಂದ ಹೊರಗೆ ಹೋಗಲಿಲ್ಲ.

ಮಿಸ್ ನನ್ನೊಂದಿಗೆ ಇನ್ನೊಮ್ಮೆ ಮಾತ್ರ ಮಾತಾಡಿದರು. ಕಾರಿಡಾರಿನಲ್ಲಿ ಎದುರಾದಾಗ ದಾರಿ ಬಿಡದೆ ನಿಂತೆ. ಅವರು ಹಿಂದೆ ಮುಂದೆ ನೋಡಿ, ಹತ್ತಿರ ಬಂದು ಹೇಳಿದರು: “ನಿಂಗೆ ಹದಿನಾರು. ನಂಗೆ ಐವತ್ತಾಗ್ತಾ ಬಂತು. ನೀನು ಇನ್ನೊಂದು ಮಾಡ್ತಿ. ನಂಗೆ ಇನ್ನೊಂದು ಕೆಲಸ ಯಾರು ಕೊಡ್ತಾರೆ?”

ಈ ಮಾತನ್ನು ನಾನು ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದೇನೆ. ಮೊದಲರ್ಧ ಸುಳ್ಳಾಗಲಿಲ್ಲ. ಧಾರವಾಡದಲ್ಲಿ ಕಾಲೇಜು ಓದುವಾಗ ಮೂರು ರಚನೆ ಮಾಡಿದೆ, ಮಸ್ಕತ್ತಿಗೆ ಮರಳಿ ಪತ್ರಿಕೆಯೊಂದರ ಸುದ್ದಿಮನೆ ಸೇರಿದ ಮೇಲೂ ನಮ್ಮ ಕಟ್ಟಡದ ಹುಡುಗಿಯರಿಗೆ ಕಲಿಸುತ್ತಿದ್ದೇನೆ. ಪ್ರತಿ ಸಲವೂ ಅವರು ಕಲಿಸಿದ ಕ್ರಮವೇ. ಬೇರೆ ಕ್ರಮ ನನಗೆ ಗೊತ್ತಿಲ್ಲ. ಆದರೆ ಒಳ್ಳೆಯದೊಂದು ಹೊಳೆದಾಗ ಅದನ್ನು ಮೊದಲು ಯಾರಿಗೆ ತೋರಿಸಲಿ ಎಂಬ ಸಂತೋಷ ಹೋಯಿತು. ಈಗ ಯಾರಿಗೂ ತೋರಿಸುವುದಿಲ್ಲ. ಪೂರ್ತಿಯಾದ ಮೇಲೆಯೇ ಹೊರಗೆ ತರುತ್ತೇನೆ.

ನಾನು ಶಾಲೆ ಬಿಟ್ಟ ಮರುವರ್ಷ ಅವರು ವೀಸಾ ಬದಲಿಸಿಕೊಂಡು ಬರ್ಕಾ ಕಡೆಯ ಆ ಶಾಲೆಗೇ ಕೆಲಸಕ್ಕೆ ಸೇರಿದರು. ನಿವೃತ್ತಿಯಾಗುವವರೆಗೆ ಅಲ್ಲೇ ಇದ್ದರು. ಅಲ್ಲಿಯ ಮಕ್ಕಳು ಪ್ರತಿ ವರ್ಷ ಕ್ರೀಡಾದಿನದಂದು ಸುತ್ತಿಗೆ ಚಪ್ಪಾಳೆ ಮಾಡುತ್ತಾರೆಂದು ಕೇಳಿದ್ದೆ. ಒಮ್ಮೆ ವರದಿಗೆಂದು ಆ ದಾರಿಯಲ್ಲಿ ಹೋದಾಗ ಒಳಗಿನಿಂದ ಚಪ್ಪಾಳೆ ಕೇಳಿಸಿತು. ಕಾರು ನಿಲ್ಲಿಸಲಿಲ್ಲ.

ಈ ವರ್ಷದ ಆರಂಭದಲ್ಲಿ ಅವರು ಊರಿನಲ್ಲಿ ತೀರಿಕೊಂಡರು. ಕೆಲವು ತಿಂಗಳ ಕಾಯಿಲೆ. ಸುದ್ದಿ ಬಂದಾಗ ನಾನು ಡೆಸ್ಕಿನಲ್ಲಿದ್ದೆ. ದುಃಖವಾಯಿತು. ಸಿಟ್ಟು ಕಡಿಮೆಯಾಗಲಿಲ್ಲ. ಎರಡೂ ಒಟ್ಟಿಗೆ ಇರಬಹುದೆಂದು ಮೊದಲು ಗೊತ್ತಿರಲಿಲ್ಲ.

ಹಳೆಯ ವಿದ್ಯಾರ್ಥಿನಿಯರ ಗುಂಪಿನವರು ಶ್ರದ್ಧಾಂಜಲಿ ಬರೆದು, ತಿದ್ದಿಕೊಡಲು ನನಗೆ ಕಳಿಸಿದರು. ಬರೆದವಳು ನನ್ನ ನಂತರ ನಾಯಕಿಯಾದ ಅದೇ ಹುಡುಗಿ. ಈಗ ಅಲ್ ಅಮೇರಾತ್‌ನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಬರಹ ಚೆನ್ನಾಗಿತ್ತು, ಪ್ರೀತಿ ಇತ್ತು. ನಡುವೆ ಒಂದು ಸಾಲು: ‘ಸುತ್ತಿಗೆ ಚಪ್ಪಾಳೆ ಮಿಸ್ ಅವರ ಅಮರ ರಚನೆ.’ ಒಂದೆರಡು ಕಾಗುಣಿತ ಸರಿಮಾಡಿ, ಆ ಸಾಲನ್ನು ತೆಗೆದು ವಾಪಸು ಕಳಿಸಿದೆ. ಸ್ವಲ್ಪ ಹೊತ್ತಿಗೆ ಫೋನು ಬಂತು.

“ಮಾರಾಯ್ತಿ, ಮುಖ್ಯವಾದದ್ದನ್ನೇ ತೆಗೆದಿದ್ದೀಯಲ್ಲ?”

ಅದು ಮಿಸ್ ರಚನೆಯಲ್ಲ ಎಂದೆ.

“ಮತ್ತೆ ಯಾರದ್ದು ಅದು?”

ಕಾಪಾಡಬೇಕಾದ ವೀಸಾ ಯಾವುದೂ ಈಗ ಉಳಿದಿರಲಿಲ್ಲ.

“ನಂದು,” ಎಂದೆ. “ಮಾಡೋದು ಕಲಿಸಿದವರು ಅವರು. ಎರಡನ್ನೂ ಬರಿ.”